ಮದಲಿಂಗ ಬರುವುದು ತಡವಾದಾಗ

ಮತ್ತಾಯನ ಸುವಾರ್ತೆಯ 24 ಮತ್ತು 25ನೇ ಅಧ್ಯಾಯಗಳಲ್ಲಿ ಒಂದರ ಹಿಂದೆ ಒಂದು ಬರುವ ಮೂರು ಸಾಮ್ಯಗಳಲ್ಲೂ ಬರಬೇಕಾದವನು ಹೊತ್ತಿಗೆ ಬರುವುದಿಲ್ಲ. ಯಜಮಾನ ತಡಮಾಡುತ್ತಾನೆಂದು ಆಳೊಬ್ಬ ಜೊತೆಯಾಳುಗಳನ್ನು ಹೊಡೆಯತೊಡಗುತ್ತಾನೆ. ಮದಲಿಂಗ ತಡಮಾಡಿದ್ದರಿಂದ ಹತ್ತು ಮಂದಿ ಕನ್ಯೆಯರೂ ನಿದ್ದೆಹೋಗುತ್ತಾರೆ. ತಲಾಂತುಗಳೆಂಬ ಹಣವನ್ನು ಆಳುಗಳಿಗೆ ಒಪ್ಪಿಸಿ ಹೋದ ಒಡೆಯ ಬಹುಕಾಲದ ಮೇಲೆ ಲೆಕ್ಕ ಕೇಳುತ್ತಾನೆ.

ಬೀದರ್ ಸೀಮೆಯ ಮೆಥೋಡಿಸ್ಟ್ ಸಭೆಗಳಿಗೆ ಈ ಕತೆಗಳೊಂದಿಗೆ ಹಳೆಯ ನಂಟು. 20ನೇ ಶತಮಾನದ ಮೊದಲ ದಶಕಗಳಲ್ಲಿ, ನಿಜಾಮರ ಆಳ್ವಿಕೆಯಲ್ಲಿ, ಇಲ್ಲಿನ ಹಳ್ಳಿಗಳ ದಲಿತ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಈ ಸಭೆ ಸೇರಿದವು. ಜೀತದ ಬದುಕನ್ನು ಹತ್ತಿರದಿಂದ ಕಂಡವರಿಗೆ ಒಡೆಯ-ಆಳಿನ ಕತೆಯನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ತಡವೇಕೆ ಎಂಬ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಳ್ಳುವವನು ಲೂಕ. 19ನೇ ಅಧ್ಯಾಯದಲ್ಲಿ ಯೇಸು ಯೆರಿಕೋವಿನಲ್ಲಿದ್ದಾನೆ. ಯೆರೂಸಲೇಮು ಹತ್ತಿರವಾಯಿತು, ದೇವರ ರಾಜ್ಯ ಈಗಲೇ ಕಾಣಿಸಿಕೊಳ್ಳುತ್ತದೆಂದು ಜನ ಎಣಿಸಿದ್ದಾರೆ. ಆಗ ಅವನು ಅರಸುತನ ಪಡೆಯಲು ದೂರದೇಶಕ್ಕೆ ಹೊರಟ ಕುಲೀನನ ಕತೆ ಹೇಳುತ್ತಾನೆ. ಕೇಳುಗರಿಗೆ ಇದು ಕಂಡ ಸಂಗತಿಯೇ. ಕ್ರಿ.ಪೂ. 4ರಲ್ಲಿ ಅರಸ ಹೆರೋದ ಸತ್ತಾಗ ಅವನ ಮಗ ಅರ್ಖೆಲಾಯ ಪಟ್ಟಕ್ಕಾಗಿ ರೋಮಿಗೆ ಹೋಗಿದ್ದ. ಅವನು ಬೇಡವೆನ್ನಲು ಯೆಹೂದ್ಯರ 50 ಮಂದಿ ಬೆನ್ನಹಿಂದೆಯೇ ಹೋದರೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಯೆರಿಕೋವಿನಲ್ಲೇ ಅರ್ಖೆಲಾಯನ ಅರಮನೆಯಿತ್ತು. ಆದರೆ ಕೊನೆಯಲ್ಲಿ ವಿರೋಧಿಗಳನ್ನು ಕೊಲ್ಲಿಸುವ ಈ ಅರಸನನ್ನು ಕ್ರಿಸ್ತನೆಂದು ಓದಿದರೆ ಕತೆ ಹದಗೆಡುತ್ತದೆ. ಸಾಮ್ಯದ ಪ್ರತಿ ಪಾತ್ರಕ್ಕೂ ಹೊರಗೊಬ್ಬ ಜೋಡಿಯನ್ನು ಹುಡುಕಬೇಕಿಲ್ಲ. ಇಲ್ಲಿ ಹೋಲಿಕೆಯಿರುವುದು ಒಡೆಯನಿಲ್ಲದ ಅವಧಿಯಲ್ಲಿ.

ಈ ತಡವನ್ನು ಹೇಗೆ ಓದಬೇಕೆಂಬುದರಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಯೆಹೂದ್ಯರು ಒಪ್ಪದ ಕಾರಣ ರಾಜ್ಯವೇ ಮುಂದಕ್ಕೆ ಹೋಯಿತೆಂಬ ವಾದವನ್ನು 1909ರ ಸ್ಕೋಫೀಲ್ಡ್ ಬೈಬಲ್ ಹರಡಿತು. 1935ರಲ್ಲಿ ಸಿ.ಎಚ್. ಡಾಡ್, ಯೇಸುವಿನ ಕೆಲಸದಲ್ಲಿ ರಾಜ್ಯ ಆಗಲೇ ಬಂದಿತ್ತು, ಈ ಕತೆಗಳನ್ನು ಕ್ರಿಸ್ತನ ಎರಡನೆಯ ಬರೋಣದತ್ತ ತಿರುಗಿಸಿದ್ದು ಆಮೇಲಿನ ಸಭೆ ಎಂದರು. ಮೊದಲ ವಾದಕ್ಕೆ ಸಾಮ್ಯಗಳೇ ಅಡ್ಡ ನಿಲ್ಲುತ್ತವೆ: ಒಡೆಯ ದೂರವಿದ್ದರೂ ಅವನ ಒಡೆತನ ಒಂದು ದಿನವೂ ತಪ್ಪುವುದಿಲ್ಲ. ಡಾಡ್ ಅವರದು ಹೆಚ್ಚು ಗಟ್ಟಿಯಾದ ಓದು, ಆದರೂ ತಡವೆಂಬುದು ಇಷ್ಟು ಕತೆಗಳ ಒಡಲಲ್ಲೇ ಇರುವುದನ್ನು ಅದು ಪೂರ್ತಿ ಬಿಡಿಸುವುದಿಲ್ಲ. ಪೇತ್ರನ ಎರಡನೆಯ ಪತ್ರ ಆ ತಡವನ್ನು ದೇವರ ತಾಳ್ಮೆಯೆಂದೇ ಕರೆಯುತ್ತದೆ.

ಬರಲಿರುವ ಅರಸನಿಗಾಗಿ ಕಾಯುವುದು ಕಲ್ಯಾಣ ಕರ್ನಾಟಕಕ್ಕೆ ಹೊಸದಲ್ಲ. ಕೊಡೇಕಲ್ ಬಸವಣ್ಣನ ಪರಂಪರೆಯ ಕಾಲಜ್ಞಾನಗಳು ವೀರವಸಂತರಾಯನ ಬರವನ್ನೂ ಅದರ ಗುರುತುಗಳನ್ನೂ ಹೇಳುತ್ತವೆ. ಮತ್ತಾಯನ 24ನೇ ಅಧ್ಯಾಯದಲ್ಲೂ ಮೊದಲು ಗುರುತುಗಳೇ ಬರುತ್ತವೆ. ಸಾಮ್ಯಗಳಿಗೆ ಬರುವಾಗ ಆ ಎಣಿಕೆ ನಿಲ್ಲುತ್ತದೆ. ದಿನ ಯಾರಿಗೂ ತಿಳಿಯದು. ಆಳು ಜೊತೆಯಾಳನ್ನು ಹೇಗೆ ನಡೆಸಿಕೊಂಡ, ದೀಪಕ್ಕೆ ಎಣ್ಣೆ ಇಟ್ಟುಕೊಂಡವರು ಯಾರು ಎಂಬುದಷ್ಟೇ ಉಳಿಯುತ್ತದೆ. ಮೂರು ಸಾಮ್ಯಗಳ ಬೆನ್ನಿಗೇ ಮತ್ತಾಯ ನ್ಯಾಯತೀರ್ಪಿನ ಚಿತ್ರವನ್ನಿಡುತ್ತಾನೆ. ಅಲ್ಲಿ ಸಿಂಹಾಸನದ ಮೇಲಿನ ಅರಸ, ಹಸಿದವರ, ಬಟ್ಟೆಯಿಲ್ಲದವರ, ಸೆರೆಯಲ್ಲಿದ್ದವರ ರೂಪದಲ್ಲಿ ಆ ಕಾಲವೆಲ್ಲ ತಾನು ಜನರ ನಡುವೆಯೇ ಇದ್ದೆನೆಂದು ತಿಳಿಸುತ್ತಾನೆ.