ಕರೆಯದೆ ಬಂದ ಕಡಲಹೂವು

ಉಪ್ಪುನೀರಿನ ಅಕ್ವೇರಿಯಂನಲ್ಲಿ ಹವಳ ಸಾಕುವವರು ದುಡ್ಡು ಕೊಟ್ಟು ತರುವುದು ಹವಳವನ್ನು. ಅದು ಕೂತ ಕಲ್ಲಿನ ಬಿರುಕಿನಲ್ಲಿ ಅಡಗಿ ಬರುವುದು ಐಪ್ಟೇಸಿಯಾ ಎಂಬ ಸಣ್ಣ ಅನಿಮೋನ್. ಒಂದೆರಡು ಸೆಂಟಿಮೀಟರ್ ಎತ್ತರದ, ಬೆಳಕು ಹಾಯುವಷ್ಟು ತೆಳುವಾದ ಕಂದು ಕಾಂಡ. ಅದರ ತುದಿಗೆ ಚೂಪಾದ ಉದ್ದ ಕರಬಳ್ಳಿಗಳ ಸುತ್ತು. ಕೈ ಹತ್ತಿರ ಬಂದರೆ ಸಾಕು, ಮುದುಡಿ ಕಲ್ಲಿನ ತೂತಿನೊಳಗೆ ಇಳಿದುಬಿಡುತ್ತದೆ. ಕೆಣಕಿದರೆ ಮೈಯಿಂದ ಬಿಳಿ ನೂಲಿನಂಥ ಎಳೆಗಳನ್ನು ಹೊರಚೆಲ್ಲುತ್ತದೆ. ಆ ಎಳೆಗಳ ತುಂಬ ಕುಟುಕುಕಣಗಳು. ಪಕ್ಕದ ಹವಳ ಇದರ ಕುಟುಕಿಗೆ ಸಿಕ್ಕಿ ಮುದುಡಿಕೊಳ್ಳುತ್ತದೆ, ಕ್ರಮೇಣ ಅಲ್ಲಿ ಬರಿಯ ಸುಣ್ಣದ ಅಸ್ಥಿ ಕಾಣತೊಡಗುತ್ತದೆ. ಇದನ್ನು ಕಂಡ ಕೂಡಲೇ ಚಿಮಟ ಹಿಡಿದು ಕೀಳಬೇಕೆನಿಸುವುದು ಸಹಜ. ಆದರೆ ತೊಟ್ಟಿಯಲ್ಲಿ ಐಪ್ಟೇಸಿಯಾ ಹೆಚ್ಚಲು ಈ ಆತುರವೇ ಎಷ್ಟೋ ಸಲ ಕಾರಣವಾಗುತ್ತದೆ. ಇದನ್ನು ಕಿತ್ತು ಗೆಲ್ಲಲಾಗದು. ಇದನ್ನೇ ತಿಂದು ಬದುಕುವ ಜೀವಿಗೆ ಒಪ್ಪಿಸಬೇಕು.

ಕಾರಣ ಅದರ ಪಾದದಲ್ಲಿದೆ. ಐಪ್ಟೇಸಿಯಾ ಕಲ್ಲಿನ ಮೇಲೆ ನಿಧಾನವಾಗಿ ಸರಿಯುವಾಗ ಪಾದದ ಅಂಚಿನ ಚೂರುಗಳನ್ನು ಹಿಂದೆ ಉಳಿಸಿಹೋಗುತ್ತದೆ. ಕಣ್ಣಿಗೆ ಬೀಳದಷ್ಟು ಚಿಕ್ಕ ಆ ಚೂರು ಕೆಲವೇ ದಿನಗಳಲ್ಲಿ ಬಾಯಿ, ಕರಬಳ್ಳಿ ಮೂಡಿಸಿಕೊಂಡು ಪೂರ್ಣ ಪ್ರಾಣಿಯಾಗುತ್ತದೆ. ಕೆರೆದು ತೆಗೆದಾಗ ಆಗುವುದೂ ಇದೇ: ಗರಿಕೆಯನ್ನು ಮೇಲಿಂದ ಕೊಯ್ದಂತೆ, ಬುಡ ಉಳಿದು ಮತ್ತೆ ಚಿಗುರುತ್ತದೆ. ಹಸಿವಿನಿಂದ ಸೊರಗಿಸೋಣವೆಂದರೆ ಅದಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಅದರ ಮೈಯೊಳಗಿನ ಏಕಕೋಶ ಶೈವಲಗಳು ಬೆಳಕಿನಿಂದ ಆಹಾರ ತಯಾರಿಸಿಕೊಡುತ್ತವೆ. ಆ ಶೈವಲಗಳನ್ನು ಕಳೆದುಕೊಂಡು ಬಿಳಿಚಿಕೊಂಡರೂ ತಿನ್ನಲು ಸಿಕ್ಕರೆ ಕತ್ತಲಲ್ಲೂ ಬದುಕುತ್ತದೆ. ಈ ಗಟ್ಟಿತನಕ್ಕಾಗಿಯೇ ಹವಳ ಮತ್ತು ಶೈವಲಗಳ ಸಹಜೀವನವನ್ನು ಅರಿಯಲು ವಿಜ್ಞಾನಿಗಳು ಇದನ್ನು ಪ್ರಯೋಗಾಲಯಗಳಲ್ಲಿ ಸಾಕುತ್ತಾರೆ. 2015ರಲ್ಲಿ ಇದರ ಜೀನೋಮ್ ಕೂಡ ಪ್ರಕಟವಾಯಿತು. ಮೀನಿಗೆ ಹಾಕುವ ಆಹಾರವನ್ನು ಹದದಲ್ಲಿಟ್ಟರೆ ಇದರ ಬೆಳವಣಿಗೆ ನಿಧಾನವಾದೀತು, ನಿಲ್ಲುವುದಿಲ್ಲ.

ಹಾಗಾದರೆ ಸುಣ್ಣ ಸಾಲದೇ ಎಂದು ಅನುಭವಿ ಹವ್ಯಾಸಿಗಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಶುದ್ಧವಾದ ಅರಳಿದ ಸುಣ್ಣವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಪಂಪು ನಿಲ್ಲಿಸಿ, ಸಿರಿಂಜಿನಿಂದ ಐಪ್ಟೇಸಿಯಾದ ಬಾಯಿಯ ಮೇಲೆ ಮೆಲ್ಲಗೆ ಬಿಟ್ಟರೆ ಆ ಕ್ಷಾರಕ್ಕೆ ಅನಿಮೋನಿನ ಅಂಗಾಂಶ ಕರಗಿಹೋಗುತ್ತದೆ. ಕೈಬೆರಳೆಣಿಕೆಯಷ್ಟು ಇದ್ದಾಗ, ಅವೂ ಕಣ್ಣೆದುರಿಗೇ ಇದ್ದಾಗ, ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ತಿಳಿಸುಣ್ಣದ ಪಿಎಚ್ ಸುಮಾರು 12.4; ಹವಳದ ತೊಟ್ಟಿಯದು 8.1ರಿಂದ 8.4ರ ಆಸುಪಾಸು. ಒಂದೇ ಸಂಜೆ ಹತ್ತಾರು ಅನಿಮೋನ್‌ಗಳಿಗೆ ಸುಣ್ಣ ಬಿಟ್ಟರೆ ಇಡೀ ನೀರಿನ ಹದ ಕೆಡುತ್ತದೆ. ಕಲ್ಲಿನ ಹಿಂಬದಿಯಲ್ಲಿ, ಫಿಲ್ಟರಿನೊಳಗೆ ಕೂತವಕ್ಕಂತೂ ಸಿರಿಂಜು ತಲುಪುವುದೇ ಇಲ್ಲ.

ಕಲ್ಲನ್ನೇ ತೆಗೆದು ಕುದಿಸಿಬಿಡುವ ಸಲಹೆಯನ್ನು ಮಾತ್ರ ಯಾರೂ ಪಾಲಿಸಬಾರದು. ಪ್ಯಾಲಿಥೋವಾ ಜಾತಿಯ ಹವಳಬಂಧುಗಳು ಆ ಕಲ್ಲಿಗೆ ಅಂಟಿಕೊಂಡಿರಬಹುದು. ಅವುಗಳಲ್ಲಿರುವ ಪ್ಯಾಲಿಟಾಕ್ಸಿನ್ ಅತ್ಯುಗ್ರ ವಿಷ. ಕುದಿತದಿಂದ ಅದು ನಾಶವಾಗದೆ ಹಬೆಯ ಜೊತೆ ಗಾಳಿಗೆ ಸೇರಿಬಿಡಬಹುದು. ಅಲಾಸ್ಕಾದಲ್ಲಿ 2012ರಿಂದ 2014ರ ನಡುವೆ ಇಂಥ ಹವಳಗಳಿದ್ದ ಮನೆ, ಅಂಗಡಿಗಳಲ್ಲಿ ಉಸಿರಿನ ಮೂಲಕ ಈ ವಿಷವೇರಿದ ಶಂಕೆಯ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ದಾಖಲಿಸಿದೆ. ಒಂದು ಅನಿಮೋನಿಗಾಗಿ ಮನೆಮಂದಿಯ ಪ್ರಾಣವನ್ನು ಪಣಕ್ಕಿಡುವುದು ಬೇಡ.

ಉಳಿಯುವುದು ತಿನ್ನುವ ಜೀವಿಗಳು. ಪೆಪ್ಪರ್‌ಮಿಂಟ್ ಸೀಗಡಿ ಚಿಕ್ಕ ಐಪ್ಟೇಸಿಯಾಗಳನ್ನು ತಿನ್ನುತ್ತದೆ, ಆದರೆ ಮೀನಿನ ಆಹಾರ ಧಾರಾಳವಾಗಿ ಸಿಕ್ಕರೆ ಅತ್ತ ತಿರುಗಿಯೂ ನೋಡದಿರಬಹುದು. ಅದೇ ಹೆಸರಿನಲ್ಲಿ ಒಂಟೆ ಸೀಗಡಿಯನ್ನು ಕೊಂಡು ತಂದವರ ತೊಟ್ಟಿಯಲ್ಲಿ ಹವಳಕ್ಕೇ ಬಾಯಿ ಬಿದ್ದದ್ದುಂಟು. ಕಾಪರ್‌ಬ್ಯಾಂಡ್ ಚಿಟ್ಟೆಮೀನಿಗೆ ದೊಡ್ಡ ತೊಟ್ಟಿ ಬೇಕು, ಅದನ್ನು ಆಹಾರಕ್ಕೆ ಒಗ್ಗಿಸುವುದೂ ಕಷ್ಟ. ಇವೆಲ್ಲಕ್ಕಿಂತ ನಂಬಿಕೆಗೆ ಅರ್ಹವಾದದ್ದು ಬರ್ಗಿಯಾ ಎಂಬ ಚಿಪ್ಪಿಲ್ಲದ ಪುಟ್ಟ ಕಡಲ ಬಸವನಹುಳು. ಫ್ಲಾರಿಡಾ ಕರಾವಳಿಯ ಈ ಜೀವಿಗೆ ಐಪ್ಟೇಸಿಯಾ ಬಿಟ್ಟರೆ ಬೇರೆ ಊಟವಿಲ್ಲ. ರಾತ್ರಿ ಹೊರಬಂದು, ಸಿರಿಂಜು ಹೋಗದ ಸಂದುಗಳಿಗೂ ತೆವಳಿ ಮೇಯುತ್ತದೆ. ತಿಂದ ಬೇಟೆಯ ಕುಟುಕುಕಣಗಳನ್ನು ಜೀರ್ಣಿಸದೆ ಬೆನ್ನ ಮೇಲಿನ ಬೆರಳಿನಂಥ ಚಾಚುಗಳ ತುದಿಯಲ್ಲಿ ಸೇರಿಸಿಟ್ಟುಕೊಂಡು ತನ್ನ ರಕ್ಷಣೆಗೆ ಬಳಸುತ್ತದೆ. ಪ್ರಕೃತಿಯಲ್ಲಿ ಇಷ್ಟು ಅಚ್ಚರಿಯ ಎರವಲು ಅಪರೂಪ. ಇದು ನಿಧಾನ, ದುಬಾರಿ, ರಾಸ್ ಮೀನುಗಳಿದ್ದರೆ ಅವುಗಳ ಬಾಯಿಗೆ ಬೀಳಬಹುದು ಎಂಬ ಆಕ್ಷೇಪಗಳು ನಿಜ. ಆದರೂ ತೊಟ್ಟಿಯ ನೀರನ್ನು ಕೆಡಿಸದೆ, ಹವಳವನ್ನು ಮುಟ್ಟದೆ, ಕಾಣದ ಮೂಲೆಯವರೆಗೂ ಹೋಗುವ ದಾರಿ ಇದೊಂದೇ. ಗುಂಡು ತುದಿಯ ಮೋಟು ಕರಬಳ್ಳಿಗಳ ಮಜಾನೋ ಅನಿಮೋನನ್ನು ಮಾತ್ರ ಬರ್ಗಿಯಾ ಮುಟ್ಟದು. ಅದಕ್ಕೆ ಸುಣ್ಣವೇ ಗತಿ. ಹಾಗಾಗಿ ಕೊಳ್ಳುವ ಮೊದಲು ತೊಟ್ಟಿಯಲ್ಲಿರುವುದು ಯಾವುದೆಂದು ಗುರುತಿಸಿಕೊಳ್ಳಬೇಕು.

ಹೊಸ ಹವಳವನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು, ಅದನ್ನು ಅಂಟಿಸಿರುವ ಬಿಲ್ಲೆಯನ್ನು ಬದಲಿಸಿ ಒಳಬಿಡುವುದು ಮುಂದಿನ ಕಾಟವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ತೊಟ್ಟಿಯನ್ನು ಒಣಗಿದ ಕಲ್ಲಿನಿಂದ ಆರಂಭಿಸಿದರೆ ಇನ್ನೂ ಒಳ್ಳೆಯದು. ಹವಳವನ್ನು ಕಡಲಿನಿಂದಲೇ ತರುವ ಯೋಚನೆಯಂತೂ ಬೇಡ: ನಮ್ಮ ನೇತ್ರಾಣಿ ದ್ವೀಪದ್ದಾಗಲಿ, ದೇಶದ ಬೇರೆ ಯಾವ ಕಡಲಿನದಾಗಲಿ, ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಜೀವಿ. ಅದನ್ನು ಕಿತ್ತು ತರುವುದು ಅಪರಾಧ. ಇನ್ನು ತೊಟ್ಟಿಯಲ್ಲಿ ಐಪ್ಟೇಸಿಯಾ ಮುಗಿದ ಮೇಲೆ ಬರ್ಗಿಯಾಗಳು ಉಪವಾಸದಿಂದ ಸಾಯುತ್ತವೆ. ಅಷ್ಟರೊಳಗೆ ಅವುಗಳನ್ನು ಹಿಡಿದು, ಇದೇ ಕಾಟದಲ್ಲಿರುವ ಇನ್ನೊಬ್ಬ ಹವ್ಯಾಸಿಗೆ ಕೊಡಿ. ಸಮುದ್ರಕ್ಕೆ ಮಾತ್ರ ಬಿಡಬೇಡಿ.