ಎದೆಯುರಿಯ ಮಾತ್ರೆ: ಚೀಟಿ ಇರಲಿ, ಅವಧಿ ತಿಳಿದಿರಲಿ

ಪುಣೆ: ಮುಂಬಯಿ-ಬೆಂಗಳೂರು ಹೆದ್ದಾರಿಗೆ ತಾಗಿಕೊಂಡಿರುವ ವಾಕಡ ಪರಿಸರದ ಕನ್ನಡಿಗರಲ್ಲಿ ಹಿಂಜವಡಿಯ ಐಟಿ ಕಂಪೆನಿಗಳ ರಾತ್ರಿ ಪಾಳಿಯವರಿದ್ದಾರೆ, ಹೋಟೆಲು ಕೆಲಸದವರಿದ್ದಾರೆ, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರೂ ಇದ್ದಾರೆ. ಹೊತ್ತು ತಪ್ಪಿದ ಊಟ, ನಡುನಡುವೆ ಚಹಾ, ಖಾರದ ಮಿಸಳ್. ಹುಳಿತೇಗು, ಎದೆಯುರಿ ಬಂದಾಗ ಮೆಡಿಕಲ್ ಅಂಗಡಿಯಿಂದ ಎಸಿಡಿಟಿ ಮಾತ್ರೆ ತಂದು ನುಂಗುವುದು ಅನೇಕರಿಗೆ ರೂಢಿ. ಆದರೆ ಒಮೆಪ್ರಝೋಲ್, ಪ್ಯಾಂಟೊಪ್ರಝೋಲ್ ಇವು ಕಾನೂನಿನಂತೆ ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧಗಳು ಎಂಬುದು ಹಲವರಿಗೆ ತಿಳಿದಿಲ್ಲ.

ಯಾವಾಗ, ಎಷ್ಟು ದಿನ?

ಹೊಟ್ಟೆಯಲ್ಲಿ ಆಮ್ಲ ಸುರಿಸುವ ಸೂಕ್ಷ್ಮ ಪಂಪುಗಳನ್ನು ಈ ಮಾತ್ರೆಗಳು ತಡೆಯುತ್ತವೆ. ಆಹಾರ ಬಿದ್ದೊಡನೆ ಪಂಪುಗಳು ಚುರುಕಾಗುವುದರಿಂದ ಬೆಳಗಿನ ತಿಂಡಿಗೆ 30ರಿಂದ 60 ನಿಮಿಷ ಮೊದಲು ಮಾತ್ರೆ ತೆಗೆದುಕೊಳ್ಳಬೇಕು. ಉಂಡ ಮೇಲೆ ನುಂಗಿದರೆ ಗುಣ ಕಡಿಮೆ. ಜಗಿಯಬಾರದು, ಪುಡಿ ಮಾಡಬಾರದು. ಸಾಮಾನ್ಯವಾಗಿ 4ರಿಂದ 8 ವಾರಗಳ ಚಿಕಿತ್ಸೆ ಸಾಕಾಗುತ್ತದೆ. ವರ್ಷಗಟ್ಟಲೆ ನುಂಗಿದರೆ ಬಿ-12 ಮತ್ತು ಮೆಗ್ನೀಷಿಯಂ ಕಡಿಮೆಯಾಗುವ, ಮೂಳೆ ಸುಲಭವಾಗಿ ಮುರಿಯುವ ಸಾಧ್ಯತೆ ಇದೆ. ಹಾಗೆಂದು ಬಹಳ ಕಾಲದಿಂದ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ನಿಲ್ಲಿಸಿದರೆ ಉರಿ ಮರುಕಳಿಸಬಹುದು. ವೈದ್ಯರನ್ನು ಕೇಳಿ ಹಂತಹಂತವಾಗಿ ಇಳಿಸುವುದು ಒಳಿತು. ನೋವಿನ ಮಾತ್ರೆಯಿಂದ ಹೊಟ್ಟೆ ಕೆಡದಿರಲೆಂದು ಕೊಟ್ಟಿದ್ದರೆ ಕೇಳದೆ ಬಿಡಲೇಬಾರದು.

ಬೇರೆ ಮಾತ್ರೆಗಳೊಂದಿಗೆ

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರಲು ನುಂಗುವ ಕ್ಲೊಪಿಡೊಗ್ರೆಲ್ ಔಷಧದ ಶಕ್ತಿಯನ್ನು ಒಮೆಪ್ರಝೋಲ್ ಕುಂದಿಸುತ್ತದೆ. ಅಮೆರಿಕದ ಔಷಧ ಇಲಾಖೆ ಈ ಎಚ್ಚರಿಕೆಯನ್ನು 2009ರಲ್ಲೇ ಕೊಟ್ಟಿದೆ. ಹೆಸರಿನ ಮುಂದೆ 'ಡಿ' ಇರುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಡೊಂಪೆರಿಡೋನ್ ಸೇರಿರುತ್ತದೆ. ಇದರಿಂದ ಹೃದಯದ ಬಡಿತ ಏರುಪೇರಾಗುವ ಅಪಾಯವಿರುವುದರಿಂದ 2014ರಲ್ಲಿ ಯುರೋಪಿನ ಔಷಧ ಸಂಸ್ಥೆ ಇದರ ಬಳಕೆಗೆ ಮಿತಿ ಹಾಕಿತು. ಊರಿನಲ್ಲಿರುವ ತಂದೆ-ತಾಯಿಗೆ ಬಸ್ಸಿನಲ್ಲಿ ಮಾತ್ರೆ ಕಳುಹಿಸುವವರು ಅವರ ಬಿಪಿ, ಹೃದಯದ ಔಷಧಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿಯೇ ಕಳುಹಿಸಬೇಕು.

ಹಿಂದೆ ಮನೆಮನೆಯಲ್ಲಿದ್ದ ರಾನಿಟಿಡಿನ್ ಕಥೆಯೂ ನೆನಪಿರಲಿ. ಅದರಲ್ಲಿ ಕ್ಯಾನ್ಸರ್‌ಕಾರಕವಾಗಬಲ್ಲ ಅಂಶ 2019ರಲ್ಲಿ ಪತ್ತೆಯಾಯಿತು. 2020ರ ಏಪ್ರಿಲ್‌ನಲ್ಲಿ ಅಮೆರಿಕ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಲು ಹೇಳಿತು. 2022ರಲ್ಲಿ ಭಾರತ ತನ್ನ ಅಗತ್ಯ ಔಷಧಗಳ ಪಟ್ಟಿಯಿಂದ ಅದನ್ನು ಕೈಬಿಟ್ಟಿತು. ಡಬ್ಬಿಯಲ್ಲಿ ಉಳಿದ ಹಳೆಯ ಸ್ಟ್ರಿಪ್ ತೆಗೆದು ನುಂಗುವುದು ಬೇಡ.

ಇವಕ್ಕೆ ಕಾಯಬೇಡಿ

ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ರಕ್ತ ವಾಂತಿ ಕಂಡರೆ ಮಾತ್ರೆ ನುಂಗಿ ಕಾಯದೆ ತಕ್ಷಣ ವೈದ್ಯರನ್ನು ಕಾಣಬೇಕು. ಎದೆ ಬಿಗಿತ, ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವು ಗ್ಯಾಸ್ ಎಂದು ಭಾವಿಸಿ ತಡಮಾಡಿದರೆ ಪ್ರಾಣಕ್ಕೇ ಸಂಚಕಾರ. ಮಹಾರಾಷ್ಟ್ರದಲ್ಲಿ ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಬಹುದು. ಔಷಧದಿಂದ ತೊಂದರೆಯಾದರೆ ತಿಳಿಸಲು ಕೇಂದ್ರ ಸರಕಾರದ ಉಚಿತ ದೂರವಾಣಿ 1800-180-3024.

ರಾತ್ರಿ ಊಟಕ್ಕೂ ಮಲಗುವುದಕ್ಕೂ 2-3 ಗಂಟೆ ಅಂತರ, ಮಂಚದ ತಲೆಯ ಭಾಗವನ್ನು ತುಸು ಎತ್ತರಿಸುವುದು, ತೂಕ ಇಳಿಸುವುದು, ತಂಬಾಕು ಬಿಡುವುದು, ಇವಿಷ್ಟನ್ನು ಪಾಲಿಸಿದರೆ ಬಹಳಷ್ಟು ಮಂದಿಗೆ ಮಾತ್ರೆಯ ಅವಶ್ಯಕತೆಯೇ ಕಡಿಮೆಯಾಗುತ್ತದೆ.