ಸರ್ಪಸುತ್ತು : ಅದರ ಮೂಲವೂ ಚಿಕಿತ್ಸೆಯೂ

ಬೇಸಾಯಕ್ಕೆ ಭೂಮಿ, ಬಿತ್ತನೆ, ದನಕರುಗಳು ಎಷ್ಟು ಮುಖ್ಯವೋ ಬೇಸಾಯಗಾರನ ದೇಹಾರೋಗ್ಯವೂ ಅಷ್ಟೇ ಮುಖ್ಯವಾದುದು. ಸುಗ್ಗಿಯಲ್ಲಿ ಮನೆಯ ಯಜಮಾನನು ಹಾಸಿಗೆ ಹಿಡಿದರೆ ಕೊಯ್ಲು ಒಕ್ಕಣೆಗಳೆಲ್ಲವೂ ಹಿಂದೆ ಬೀಳುವುವು. ಐವತ್ತು ವರ್ಷ ಮೀರಿದವರನ್ನು ಹೀಗೆ ಕೆಡವುವ ವ್ಯಾಧಿಗಳಲ್ಲಿ ಸರ್ಪಸುತ್ತು ಒಂದು. ಇದು ನಾಗದೋಷದಿಂದ ಬರುವುದೆಂದೂ, ಗುಳ್ಳೆಗಳ ಸಾಲು ಮೈಯನ್ನು ಸುತ್ತಿ ತಲೆ ಬಾಲಗಳು ಕೂಡಿದರೆ ಪ್ರಾಣಹಾನಿಯೆಂದೂ ನಂಬುವವರುಂಟು. ಈ ಭಯದಿಂದ ಕೆಮ್ಮಣ್ಣಿನ ಲೇಪನ, ಮಂತ್ರ ಮುಂತಾದುವುಗಳಲ್ಲಿಯೇ ಮೊದಲ ಮೂರು ದಿನಗಳು ಕಳೆದುಹೋಗುವುವು. ಔಷಧವು ಚೆನ್ನಾಗಿ ಫಲಿಸುವುದಾದರೋ ಆ ಮೂರು ದಿನಗಳಲ್ಲಿಯೇ.

ರೋಗದ ಮೂಲ

ಈ ವ್ಯಾಧಿಗೆ ಕಾರಣವಾದುದು ಹರ್ಪೀಸ್ ಎಂಬ ಕುಲಕ್ಕೆ ಸೇರಿದ ಒಂದು ವೈರಾಣು. ಹರ್ಪೀಸ್ ಎಂಬ ಹೆಸರು ತೆವಳುವುದೆಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದುದು. ಸರ್ಪವೆಂಬ ಶಬ್ದದ ಸಂಸ್ಕೃತ ಧಾತುವಿಗೂ ಅದೇ ಅರ್ಥ. ಹೆಸರಿನಲ್ಲಿ ಹಾವುಂಟೇ ಹೊರತು ರೋಗದಲ್ಲಿಲ್ಲ. ಮನುಷ್ಯರನ್ನು ಹಿಡಿಯುವ ಹರ್ಪೀಸ್ ವೈರಾಣುಗಳು ಮುಖ್ಯವಾಗಿ ಎಂಟು ಬಗೆ. ತುಟಿಯ ಅಂಚಿನಲ್ಲಿ ಪದೇ ಪದೇ ಏಳುವ ಗುಳ್ಳೆಯೂ, ಮಕ್ಕಳಿಗೆ ಬರುವ ಸೀತಾಳೆ ಸಿಡುಬೂ ಇವುಗಳಿಂದಲೇ ಉಂಟಾಗುವುವು. ಕೋಳಿಗಳ ಕಾಲು ಸೋಲಿಸುವ ಮಾರೆಕ್ ರೋಗದ ವೈರಾಣುವೂ ಇದೇ ಕುಲದ್ದು. ಆದರೆ ಅದು ಮನುಷ್ಯರಿಗೆ ಹತ್ತುವುದಿಲ್ಲ.

ಒಮ್ಮೆ ದೇಹವನ್ನು ಹೊಕ್ಕರೆ ಬಿಟ್ಟುಹೋಗದಿರುವುದು ಈ ಕುಲದ ಗುಣ. ಜೇಕನ್ನು ಎಷ್ಟು ಕಿತ್ತರೂ ಗಡ್ಡೆಯು ನೆಲದಲ್ಲಿ ಉಳಿದು ಮಳೆ ಬಿದ್ದೊಡನೆ ಚಿಗುರುವಂತೆ, ಬಾಲ್ಯದ ಸೀತಾಳೆ ಸಿಡುಬು ವಾಸಿಯಾದರೂ ಅದರ ವೈರಾಣುವು ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಹತ್ತಾರು ವರ್ಷ ಅಡಗಿರುವುದು. ಮುಪ್ಪಿನಿಂದಲೋ ಬೇರೆ ಕಾಯಿಲೆಯಿಂದಲೋ ದೇಹದ ತಡೆಶಕ್ತಿ ಕುಂದಿದಾಗ ಅದು ಒಂದು ನರದ ಗುಂಟ ಚರ್ಮಕ್ಕೆ ಬಂದು ಸರ್ಪಸುತ್ತಾಗುವುದು. ಆ ನರವು ಮೈಯ ಒಂದೇ ಪಕ್ಕಕ್ಕೆ ಹರಡಿರುವುದರಿಂದ ಗುಳ್ಳೆಗಳ ಪಟ್ಟಿಯು ಸಾಮಾನ್ಯವಾಗಿ ಮೈಯ ನಡುಗೆರೆಯಲ್ಲಿಯೇ ನಿಲ್ಲುವುದು. ತಲೆ ಬಾಲ ಕೂಡುವ ಭಯಕ್ಕೆ ಆಧಾರವಿಲ್ಲ.

ಸರ್ಪಸುತ್ತಿನವರಿದ್ದ ಮನೆಗಳಲ್ಲಿ ಮಕ್ಕಳಿಗೆ ಸೀತಾಳೆ ಸಿಡುಬು ಏಳುವುದನ್ನು ಬುಡಾಪೆಸ್ಟಿನ ವೈದ್ಯ ಬೋಕಾಯ್ 1909ರಲ್ಲಿ ಪ್ರಕಟಪಡಿಸಿದನು. ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಪಟ್ಟಣದ ವೈದ್ಯ ಹೋಪ್-ಸಿಂಪ್ಸನ್, ತಾನು 16 ವರ್ಷಗಳಲ್ಲಿ ಕಂಡ 192 ರೋಗಿಗಳ ವಿವರಗಳನ್ನು ಪರಿಶೀಲಿಸಿ, ಅಡಗಿದ್ದ ವೈರಾಣುವೇ ಮರಳಿ ಏಳುವುದೆಂದು 1965ರಲ್ಲಿ ವಿವರಿಸಿದನು.

ಲಕ್ಷಣಗಳು

ಮೊದಲು ಎದೆ, ಬೆನ್ನು, ಸೊಂಟ ಅಥವಾ ಮುಖದ ಒಂದು ಪಕ್ಕದಲ್ಲಿ ಉರಿಯೂ ಚುಚ್ಚಿದಂತಹ ನೋವೂ ತೋರುವುವು. ಕೆಲವು ದಿನಗಳ ಮೇಲೆ ಕೆಂಪೇರಿ ನೀರುಗುಳ್ಳೆಗಳು ಗೊಂಚಲಾಗಿ ಏಳುವುವು. ಅವು ಹತ್ತು ದಿನಗಳೊಳಗೆ ಒಣಗತೊಡಗಿ, ಎರಡರಿಂದ ನಾಲ್ಕು ವಾರಗಳಲ್ಲಿ ಮಾಯುವುವು. ಆದರೆ ವಯಸ್ಸಾದವರಲ್ಲಿ ಚರ್ಮವು ಮಾದ ಮೇಲೂ ನರದ ನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುವುದುಂಟು.

ಮಾಡತಕ್ಕ ಕಾರ್ಯಗಳು

1. ಗುಳ್ಳೆ ಕಂಡ 72 ಗಂಟೆಗಳೊಳಗೆ ವೈದ್ಯರನ್ನು ಕಾಣತಕ್ಕದ್ದು. ಅಸೈಕ್ಲೊವಿರ್ ಮೊದಲಾದ ಔಷಧಗಳು ವೈರಾಣುವಿನ ವೃದ್ಧಿಯನ್ನು ತಡೆಯುವುವು. ತಡವಾದರೂ ಹೋಗದೆ ಇರಬಾರದು.

2. ಹಣೆ, ರೆಪ್ಪೆ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ದೃಷ್ಟಿಗೇ ಅಪಾಯವುಂಟು. ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗತಕ್ಕದ್ದು.

3. ಗುಳ್ಳೆಗಳನ್ನು ಒಡೆಯಬಾರದು, ಮಣ್ಣು, ಬೂದಿಗಳನ್ನು ಹಚ್ಚಬಾರದು. ಶುದ್ಧವಾದ ಬಟ್ಟೆಯಿಂದ ಮುಚ್ಚಿಡಬೇಕು.

4. ಎಲ್ಲ ಗುಳ್ಳೆಗಳೂ ಹೆಕ್ಕಳೆಗಟ್ಟುವವರೆಗೆ ಎಳೆಗೂಸುಗಳಿಂದಲೂ, ಸೀತಾಳೆ ಸಿಡುಬು ಬಾರದಿರುವ ಗರ್ಭಿಣಿಯರಿಂದಲೂ ದೂರವಿರಬೇಕು. ಗುಳ್ಳೆಯ ನೀರು ಸೋಂಕಿದರೆ ಅಂತಹವರಿಗೆ ಸೀತಾಳೆ ಸಿಡುಬು ಬರಬಹುದು.

5. ಐವತ್ತು ವರ್ಷ ಮೀರಿದವರಿಗೆ ಈ ರೋಗವನ್ನು ತಡೆಯಲು ಎರಡು ಸಲ ಹಾಕುವ ಲಸಿಕೆಯುಂಟು. ಈ ವಿಷಯವನ್ನು ವೈದ್ಯರಲ್ಲಿ ವಿಚಾರಿಸುವುದು ಉತ್ತಮ.

ನಾಗರಕಲ್ಲಿಗೆ ಹಾಲೆರೆಯುವುದು ಅವರವರ ಭಕ್ತಿಗೆ ಬಿಟ್ಟುದು, ಅದನ್ನು ಹಳಿಯಬೇಕಾದುದಿಲ್ಲ. ಆದರೆ ರೋಗಿಯನ್ನು ಮೊದಲು ಆಸ್ಪತ್ರೆಗೆ ಕಳುಹಿಸಿ, ಹರಕೆಯನ್ನು ಆಮೇಲೆ ತೀರಿಸುವಂತೆ ಊರ ಮುಖಂಡರು ಹೇಳಿದರೆ ಜನರು ಕೇಳುವರು. ಆ ಒಂದು ಮಾತಿನಿಂದ ಒಬ್ಬ ರೈತನ ಕಣ್ಣು ಉಳಿಯಬಹುದು.